ನಾನು ಲೆಕ್ಕ ಕಲಿತದ್ದು

ಬಿ.ಎ. ತರಗತಿಗೆ ಏಕೆ ಸೇರಿದಿರಿ ಎಂದು ಯಾರಾದರೂ ಕೇಳಿದರೆ, ಚರಿತ್ರೆಯಲ್ಲಿ ಆಸಕ್ತಿ, ಸಾಹಿತ್ಯದಲ್ಲಿ ಪ್ರೀತಿ ಎಂದು ಮುಂತಾಗಿ ಉತ್ತರ ಹೇಳುವುದು ವಾಡಿಕೆ. ನಾನೂ ಮೊದಲ ವರ್ಷ ಹಾಗೆಯೇ ಹೇಳುತ್ತಿದ್ದೆ. ಈಗ ಕಾಲೇಜು ಬಿಡುವ ಕಾಲ ಬಂದಿರುವುದರಿಂದ ನಿಜವನ್ನು ಹೇಳಿಬಿಡುತ್ತೇನೆ. ನಾನು ಬಿ.ಎ.ಗೆ ಸೇರಿದುದು ಲೆಕ್ಕಕ್ಕೆ ಹೆದರಿ. ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ಸಲ ನಾನು ಗಣಿತವೊಂದರಲ್ಲಿ ಉರುಳಿದೆ. ಪೂರಕ ಪರೀಕ್ಷೆಯಲ್ಲಿ ಹೇಗೋ ದಡ ಮುಟ್ಟಿದೆ. ಅಂದೇ, ಈ ಜನ್ಮದಲ್ಲಿ ಇನ್ನು ಲೆಕ್ಕದ ಪುಸ್ತಕವನ್ನು ತೆರೆಯುವುದಿಲ್ಲವೆಂದು ಮನೆದೇವರ ಮೇಲೆ ಆಣೆಯಿಟ್ಟುಕೊಂಡೆ. ಆ ಆಣೆಯನ್ನು ಮುರಿದ ಕಥೆ ಇದು.

ನಮ್ಮದು ಅಜ್ಜಂಪುರದ ಆಸುಪಾಸಿನ ಒಂದು ಹಳ್ಳಿ. ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲು ನಮ್ಮ ಹೊಲಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಒಂದು ಕಡೆ ಅಮೃತಮಹಲ್ ದನಗಳ ಕಾವಲು, ಇನ್ನೊಂದು ಕಡೆ ಈರುಳ್ಳಿ ಬೆಳೆಯುವ ಕಪ್ಪು ಮಣ್ಣು. ಮೋಡವಿಲ್ಲದ ಬೆಳಿಗ್ಗೆ ನೈಋತ್ಯದ ಕಡೆ ಬಾಬಾಬುಡನ್ ಗಿರಿಸಾಲು ನೀಲಿಯಾಗಿ ಕಾಣುತ್ತದೆ. ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಅವ್ವ ಶಾಲೆಯ ಒಳಗನ್ನು ಕಂಡದ್ದು ಮತ ಹಾಕಲು ಹೋದಾಗ ಮಾತ್ರ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಮನೆಗೆ ಯಾವ ಕಾಗದ ಬಂದರೂ, ಅದು ಬ್ಯಾಂಕಿನದಾಗಲಿ ಗೊಬ್ಬರದಂಗಡಿಯದಾಗಲಿ, ಅದನ್ನು ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವ ತನಕ ಎಲ್ಲರೂ ನನ್ನ ಮುಖವನ್ನೇ ನೋಡುತ್ತ ನಿಲ್ಲುವುದು ರೂಢಿ. ಓದಿದವನೆನ್ನಿಸಿಕೊಳ್ಳುವ ಸುಖ ಎಷ್ಟು, ಭಾರ ಎಷ್ಟು ಎಂಬುದು ನನ್ನಂತೆಯೇ ಮೊದಲ ಪದವೀಧರರಾಗಲಿರುವ ಮಿತ್ರರಿಗೆ ಗೊತ್ತು.

ಶಾಲೆಯಲ್ಲಿ ನಾನು ಗಣಿತವನ್ನು ಕಲಿಯಲಿಲ್ಲವೆಂದರೆ ತಪ್ಪಾಗುತ್ತದೆ, ಬಾಯಿಪಾಠ ಮಾಡಿದೆ. ಬೀಜಗಣಿತದಲ್ಲಿ ಎಕ್ಸ್ ಎಂಬುದೊಂದು ಬಂದಿತು. ಸೋಮವಾರ ಎಕ್ಸ್ ಎಂದರೆ 5 ಎಂದು ಹಲಗೆಯ ಮೇಲೆ ಬರೆದರು. ನಾನು ಶ್ರದ್ಧೆಯಿಂದ ನೆನಪಿಟ್ಟುಕೊಂಡೆ. ಮಂಗಳವಾರ ಅದೇ ಎಕ್ಸ್ 3 ಆಯಿತು. ನಿನ್ನೆ 5 ಇದ್ದುದು ಇಂದು 3 ಆದುದು ಹೇಗೆ ಎಂದು ಕೇಳಲು ನಾಲಗೆಯ ತುದಿಗೆ ಬಂದಿತು, ಕೇಳಲಿಲ್ಲ. ರೇಖಾಗಣಿತದ ಪ್ರಮೇಯಗಳನ್ನು ಪೂರ್ಣವಿರಾಮ ಸಹಿತ ಕಂಠಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆಯವರು ತ್ರಿಕೋಣದ ಮೂಲೆಗಳಿಗೆ ಬೇರೆ ಅಕ್ಷರಗಳನ್ನಿಟ್ಟೊಡನೆ ನನ್ನ ಕೋಟೆ ಕುಸಿದುಬಿತ್ತು. ತ್ರಿಕೋಣಮಿತಿಯ ಸೈನ್, ಕಾಸ್, ಟ್ಯಾನ್‌ಗಳಂತೂ ಮೂರು ಮಂತ್ರಗಳು. ಪಾಠ ಮುಗಿದಾಗ “ತಿಳಿಯಿತೇ?” ಎಂಬ ಪ್ರಶ್ನೆ ಬರುತ್ತಿತ್ತು. ತರಗತಿಯೆಲ್ಲ ತಲೆಯಾಡಿಸುತ್ತಿತ್ತು; ನಾನೂ ಆಡಿಸುತ್ತಿದ್ದೆ. ಇದರಲ್ಲಿ ಯಾವ ಉಪಾಧ್ಯಾಯರನ್ನೂ ದೂರುವ ಹಕ್ಕು ನನಗಿಲ್ಲ. ತಿಳಿಯಲಿಲ್ಲವೆಂದು ನಾನು ಹೇಳಿದ್ದರಲ್ಲವೇ ಅವರಿಗೆ ತಿಳಿಯುವುದು!

ಇನ್ನು ಹೊಲದ ವಿಷಯಕ್ಕೆ ಬರುತ್ತೇನೆ. ನಾನು ಮೊದಲ ವರ್ಷದ ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಮುಂಗಾರಿನ ಈರುಳ್ಳಿಗೆಂದು ನೆರೆಯ ಊರಿನ ಹಿರಿಯರೊಬ್ಬರ ಹೊಲದಲ್ಲಿ ಒಂದು ಭಾಗವನ್ನು ಗುತ್ತಿಗೆಗೆ ಹಿಡಿದರು. ಪಹಣಿಯಲ್ಲಿ ಇಡೀ ಸರ್ವೆ ನಂಬರಿನ ವಿಸ್ತೀರ್ಣವಿತ್ತೇ ಹೊರತು ನಮಗೆ ಕೊಡುವ ಭಾಗದ್ದು ಇರಲಿಲ್ಲ. ಆದುದರಿಂದ ಅಳೆಯಬೇಕಾಯಿತು. ಮಾತು ಗುಂಟೆಗೆ 250 ರೂಪಾಯಿಯಂತೆ ಆಗಿತ್ತು. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಯಜಮಾನರು ಸರಿಯಾಗಿ 33 ಅಡಿಯ ಒಂದು ಹಗ್ಗವನ್ನು ತಂದಿದ್ದರು. ಹೊಲದ ಆಕಾರವನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮೇಲಿನ ಬದು 6 ಹಗ್ಗ. ಬಂಡಿದಾರಿಯ ಬದು 8 ಹಗ್ಗ. ಕೆಳಗಿನ ಬದು 12 ಹಗ್ಗ. ನಾಲ್ಕನೆಯದು ರೈಲುದಾರಿಯ ಬೇಲಿಯ ಪಕ್ಕದ್ದು; ಬೇಲಿ ಓರೆಯಾಗಿ ಹೋಗಿದ್ದುದರಿಂದ ಆ ಬದುವೂ ಓರೆ, ಅದು 10 ಹಗ್ಗ. ಲೆಕ್ಕ ಸುಲಭವಾಗಲೆಂದು ಚಿಲ್ಲರೆ ಅಡಿಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ.

ಯಜಮಾನರು ಕಡ್ಡಿಯಿಂದ ನೆಲದ ಮೇಲೆ ಬರೆದು ಲೆಕ್ಕ ಮಾಡಿದರು. ಎದುರುಬದುರು ಬದುಗಳನ್ನು ಕೂಡಿ ಅರ್ಧ ಮಾಡುವುದು, ಬಂದ ಎರಡು ಅರ್ಧಗಳನ್ನು ಗುಣಿಸುವುದು, ಇದು ಅವರ ಕ್ರಮ. 6ಕ್ಕೆ 12 ಕೂಡಿ ಅರ್ಧ ಮಾಡಿದರೆ 9. 8ಕ್ಕೆ 10 ಕೂಡಿ ಅರ್ಧ ಮಾಡಿದರೆ 9. ಒಂಬತ್ತೊಂಬತ್ತಲೆ 81. “ಎರಡು ಎಕರೆ ಒಂದು ಗುಂಟೆ” ಎಂದರು. ಹಣ 20,250 ರೂಪಾಯಿ.

ಅಪ್ಪ ನನ್ನ ಕಡೆ ತಿರುಗಿ, “ಸರಿ ಐತೇನಪ್ಪಾ?” ಎಂದು ಕೇಳಿದರು.

ನನಗೆ ಆ ಲೆಕ್ಕ ಸರಿಯೋ ತಪ್ಪೋ ಎಳ್ಳಷ್ಟೂ ತಿಳಿಯಲಿಲ್ಲ. ಆದರೆ ಅಲ್ಲಿ ನಾಲ್ಕು ಜನ ನಿಂತಿದ್ದರು. ಬಿ.ಎ. ಓದುವವನು ಗೊತ್ತಿಲ್ಲವೆನ್ನುವುದು ಹೇಗೆ? ಶಾಲೆಯಲ್ಲಿ ಹತ್ತು ವರ್ಷ ಅಭ್ಯಾಸ ಮಾಡಿದ್ದ ಕೆಲಸವನ್ನೇ ಮಾಡಿದೆ, ತಲೆಯಾಡಿಸಿದೆ. ಅಪ್ಪ ಹಣ ಎಣಿಸಿಕೊಟ್ಟರು.

ಇದಾದ ಕೆಲವು ತಿಂಗಳ ಮೇಲೆ, ಒಂದು ಸಂಜೆ, ಒಂಬತ್ತನೆಯ ತರಗತಿಗೆ ಬಂದಿದ್ದ ತಂಗಿ ಗಣಿತದ ಪುಸ್ತಕವನ್ನು ಹಿಡಿದುಕೊಂಡು ನನ್ನ ಮುಂದೆ ಕುಳಿತಳು. ಒಂದು ಲೆಕ್ಕ ಬಿಡುತ್ತಿಲ್ಲ, ಹೇಳಿಕೊಡು ಎಂದಳು. ನನಗೆ ಬೇರೆ ಕೆಲಸವಿದೆ ಎಂದು ಗದರಿದೆ. ಅವಳು ಏನೂ ಹೇಳದೆ ಎದ್ದು ಹೋಗಿ ದೀಪದ ಕೆಳಗೆ ಒಬ್ಬಳೇ ಕುಳಿತು ಮುಕ್ಕಾಲು ಗಂಟೆ ಹೆಣಗಿದಳು. ಕಡೆಗೆ ಅದನ್ನು ಬಿಡಿಸಿದಳು. ಬಿಡಿಸಿದವಳು ನನ್ನ ಕಡೆ ನೋಡಲಿಲ್ಲ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮಾರನೆಯ ದಿನ ಅವಳ ಬಳಿ ಹೋಗಿ, ನನಗೆ ಲೆಕ್ಕ ಬಾರದು, ನೀನೇ ಹೇಳಿಕೊಡು ಎಂದೆ. ಅವಳು ನಗಬಹುದೆಂದುಕೊಂಡಿದ್ದೆ. ನಗಲಿಲ್ಲ. “ಎಲ್ಲಿಂದ ಬರಲ್ಲ?” ಎಂದು ಕೇಳಿದಳು. ಯಾವ ಉಪಾಧ್ಯಾಯರಿಗೂ ನಾನು ಉತ್ತರ ಹೇಳಲಾರದಿದ್ದ ಪ್ರಶ್ನೆ ಅದು. ಏಳನೆಯ ತರಗತಿಯ ಪುಸ್ತಕದಿಂದ ಶುರುಮಾಡಿದೆವು.

ಎಕ್ಸ್‌ನ ಗುಟ್ಟನ್ನು ಅವಳು ಒಂದೇ ಮಾತಿನಲ್ಲಿ ಬಿಡಿಸಿದಳು. ಅದು “ಇವತ್ತಿನ ಧಾರಣೆ” ಎಂದು ಹೇಳಿದ ಹಾಗೆ ಎಂದಳು. ಮಂಡಿಯಲ್ಲಿ ಈರುಳ್ಳಿಯ ಧಾರಣೆ ನಿನ್ನೆ ಒಂದು, ಇಂದು ಒಂದು. ಆದರೆ ಇಂದಿನ ಚೀಟಿಯಲ್ಲಿ ಅದು ಒಂದೇ. ಎಷ್ಟು ಮೂಟೆ ಹೋಯಿತು, ಎಷ್ಟು ಹಣ ಬಂತು ಎಂಬುದು ಗೊತ್ತಿದ್ದರೆ ಧಾರಣೆಯನ್ನು ಕಂಡುಹಿಡಿಯಬಹುದು. ನಾನು ಎಂಟು ವರ್ಷ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಗೆ ನಮ್ಮ ಮನೆಯ ಜಗಲಿಯ ಮೇಲೆಯೇ ಉತ್ತರವಿತ್ತು. ಸಮಚಿಹ್ನೆಯ ವಿಷಯದಲ್ಲಿಯೂ ನನಗೆ ಹಾಗೆಯೇ ಕಣ್ಣು ತೆರೆಯಿತು. ಅಲ್ಲಿಯವರೆಗೆ ಅದನ್ನು “ಉತ್ತರವನ್ನು ಇದರ ಮುಂದೆ ಬರೆ” ಎಂಬ ಅಪ್ಪಣೆಯೆಂದು ತಿಳಿದಿದ್ದೆ. ಅದು ತಕ್ಕಡಿಯ ಮುಳ್ಳು. ಎರಡು ತಟ್ಟೆಗಳೂ ಸಮವಾಗಿವೆ ಎನ್ನುತ್ತದೆ, ಅಷ್ಟೇ. ಒಂದು ತಟ್ಟೆಯಿಂದ 4 ಕಿಲೋ ತೆಗೆದರೆ ಇನ್ನೊಂದರಿಂದಲೂ 4 ತೆಗೆಯಬೇಕು. “ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ” ಎಂದು ನಾನು ಉರುಹಚ್ಚಿದ್ದ ಸೂತ್ರದ ಅರ್ಥ ಇಷ್ಟೇ ಆಗಿತ್ತು. ಯಾವುದೂ ಆ ಕಡೆಗೆ ಹಾರಿಹೋಗುವುದಿಲ್ಲ. ಎರಡು ಕಡೆಯಿಂದಲೂ ಒಂದನ್ನೇ ತೆಗೆಯುತ್ತೇವೆ.

ರೇಖಾಗಣಿತಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಗಳು ಬಂದವು. ಆಯತಾಕಾರದ ಹಾಳೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಸರಿಸಮನಾದ ಎರಡು ತ್ರಿಕೋಣಗಳಾಗುತ್ತವೆ. ತ್ರಿಕೋಣದ ಕ್ಷೇತ್ರಫಲದ ಸೂತ್ರದಲ್ಲಿ “ಅರ್ಧ” ಎಂಬುದು ಎಲ್ಲಿಂದ ಬಂತೆಂದು ಅಂದು ಕಣ್ಣಾರೆ ಕಂಡೆ. ಒಂದು ತ್ರಿಕೋಣದ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕದಲ್ಲಿಟ್ಟರೆ ನೇರ ಗೆರೆಯಾಗುತ್ತದೆ. ಹತ್ತು ಹಾಳೆ ಹರಿದು ನೋಡಿದೆ, ಹತ್ತರಲ್ಲಿಯೂ ಆಯಿತು. ಇನ್ನು ಪ್ರಮೇಯವೇತಕ್ಕೆ, ಸಾಧನೆಯೇತಕ್ಕೆ ಎಂದು ತಂಗಿಯನ್ನು ಕೇಳಿದೆ. “ಹನ್ನೊಂದನೇದು ಆಗುತ್ತೆ ಅಂತ ಏನು ಗ್ಯಾರಂಟಿ?” ಎಂದಳು. ಆಗ ಪುಸ್ತಕದಲ್ಲಿದ್ದ ಸಾಧನೆಯನ್ನು ಓದಿದೆ. ತುದಿಯ ಮೂಲಕ ತಳಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರೆ, ಕೆಳಗಿನ ಎರಡು ಕೋನಗಳೂ ಮೇಲಕ್ಕೆ ಬಂದು ನಡುವಿನ ಕೋನದ ಆಚೀಚೆ ಕುಳಿತುಕೊಳ್ಳುತ್ತವೆ. ಒಂದೇ ಗೆರೆ, ಹಿಂದೆ ಬರೆದ, ಮುಂದೆ ಬರೆಯಲಿರುವ ಎಲ್ಲ ತ್ರಿಕೋಣಗಳಿಗೂ ಅದು ಸಾಕು. ನಾನು ಅದೇ ಸಾಧನೆಯನ್ನು ಹತ್ತನೆಯ ತರಗತಿಯಲ್ಲಿ ನೂರು ಸಲ ಬರೆದಿದ್ದೆ. ಓದಿದುದು ಅಂದೇ ಮೊದಲು.

ತ್ರಿಕೋಣಮಿತಿಗೆ ಮುಂದಿನ ತರಗತಿಯ ಪುಸ್ತಕವನ್ನು ಓಣಿಯ ಹುಡುಗನಿಂದ ಎರವಲು ತಂದೆವು. ಮಂತ್ರವೆಂದುಕೊಂಡಿದ್ದ ಸೈನ್ ಎಂಬುದು ಬರಿಯ ಒಂದು ಹೋಲಿಕೆ. ಓರೆಯಾಗಿ ಇಟ್ಟ ಏಣಿಯ ಉದ್ದದಲ್ಲಿ ಎಷ್ಟನೆಯ ಪಾಲು ಎತ್ತರವಾಗಿ ನಿಂತಿದೆ ಎಂಬುದನ್ನು ಅದು ಹೇಳುತ್ತದೆ. ಏಣಿ ಚಿಕ್ಕದಿರಲಿ, ದೊಡ್ಡದಿರಲಿ, ಓರೆ ಒಂದೇ ಆದರೆ ಆ ಪಾಲೂ ಒಂದೇ. ಆ ಹೆಸರಿಗೆ ಒಂದು ಕಥೆಯೂ ಉಂಟು. ನಮ್ಮವರು ಬಿಲ್ಲಿನ ಹೆದೆಯನ್ನು ಜ್ಯಾ ಎಂದರು, ಜೀವಾ ಎಂದೂ ಕರೆದರು. 499ರಲ್ಲಿ ರಚಿತವಾದ ಆರ್ಯಭಟೀಯದಲ್ಲಿ ಅರ್ಧಜ್ಯಾಗಳ ಬೆಲೆಗಳಿವೆ. ಆ ಪದ ಅರಬರಲ್ಲಿ ಜೀಬ ಆಯಿತು. ಸ್ವರಗಳಿಲ್ಲದೆ ಬರೆಯುವ ಅವರ ಲಿಪಿಯಲ್ಲಿ ಅದನ್ನು ಜೈಬ್, ಅಂದರೆ ಮಡಿಲು, ಎಂದು ಓದಿಕೊಂಡ ಯೂರೋಪಿನವರು ಲ್ಯಾಟಿನ್ನಿನಲ್ಲಿ ಮಡಿಲೆಂಬ ಅರ್ಥದ ಸೈನಸ್ ಎಂದು ಭಾಷಾಂತರಿಸಿದರು. ಹೀಗೆ ನಮ್ಮ ಮನೆಯ ಹೆಣ್ಣೇ ಊರೂರು ಸುತ್ತಿ, ಹೆಸರು ಮರೆತು, ಪಾಠಪುಸ್ತಕದಲ್ಲಿ ಪರಕೀಯಳಂತೆ ಬಂದು ನಿಂತಿದ್ದಾಳೆ. ನಾವು ಗುರುತು ಹಿಡಿಯದೆ ಹೆದರುತ್ತೇವೆ.

ನಮ್ಮ ನಾಡಿನ ನೆಲವನ್ನು ಅಳೆದುದೂ ಈ ತ್ರಿಕೋಣಗಳಿಂದಲೇ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೇನಾಧಿಕಾರಿ ಬೆಂಗಳೂರಿನ ಬಳಿ ಒಂದು ಗೆರೆಯನ್ನು ಸರಪಳಿಯಿಂದ ಅಳೆದು ಮೈಸೂರು ಸೀಮೆಯ ಮೋಜಣಿಗೆ ತೊಡಗಿದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಂದು ಗೆರೆಯನ್ನು ಅಳೆದನು. ಒಂದು ಗೆರೆಯ ಉದ್ದ ಸಿಕ್ಕರೆ, ಮಿಕ್ಕುದನ್ನು ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು ಲೆಕ್ಕ ಹಾಕಬಹುದು. ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವೆಂದು ಪುಸ್ತಕದಲ್ಲಿ ಓದುತ್ತೇವೆ. ಅದರ ನೆತ್ತಿಯಿಂದ ಹಗ್ಗ ಇಳಿಬಿಟ್ಟು ಯಾರೂ ಅಳೆದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗವನ್ನು ತೋಡಿದ್ದಾರೆ. ನೆಲದೊಳಗೆ ದಿಕ್ಕು ತಪ್ಪದಂತೆ ಹೋಗಬೇಕಾದರೆ ಮೇಲೆ ಕೋನದ ಲೆಕ್ಕ ತಪ್ಪಿರಬಾರದು. ಇದನ್ನೆಲ್ಲ ತಿಳಿದ ಮೇಲೆ, ದಿನವೂ ಕಾಣುತ್ತಿದ್ದ ಬೆಟ್ಟಸಾಲು ನನಗೆ ಬೇರೆಯಾಗಿಯೇ ಕಂಡಿತು.

ಇಷ್ಟಾದರೂ ಹೊಲದ ಲೆಕ್ಕ ನನ್ನ ನೆನಪಿಗೆ ಬಂದಿರಲಿಲ್ಲ. ಅದನ್ನು ನೆನಪಿಸಿದುದು, ವಿಚಿತ್ರವೆಂದರೆ, ಚರಿತ್ರೆ. ಎರಡನೆಯ ವರ್ಷದಲ್ಲಿ ರಾಷ್ಟ್ರಕೂಟರ ಪಾಠ ನಡೆಯುತ್ತಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನೆಂದು ಬಂದಿತು. ಕವಿರಾಜಮಾರ್ಗ ಹುಟ್ಟಿದ ಕಾಲದಲ್ಲಿಯೇ ಲೆಕ್ಕದ ಪುಸ್ತಕವೂ ಹುಟ್ಟಿತೇ ಎಂದು ಕುತೂಹಲವಾಯಿತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಆ ಗ್ರಂಥ ಹೊರಜಗತ್ತಿಗೆ ತಿಳಿಯಿತು. ಈಗ ಕನ್ನಡ ಅನುವಾದವೂ ಇದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಬರೆದನು. ಕನ್ನಡಕ್ಕೂ ಲೆಕ್ಕಕ್ಕೂ ದೂರವೆಂದು ನಾನು ತಿಳಿದಿದ್ದುದು ನನ್ನ ಅಜ್ಞಾನ.

ಮಹಾವೀರಾಚಾರ್ಯನು ಹೊಲಗದ್ದೆಗಳ ಅಳತೆಯನ್ನು ಹೇಳುವಾಗ ಎರಡು ಬಗೆಯನ್ನು ಹೇಳುತ್ತಾನೆ. ಒಂದು ವ್ಯಾವಹಾರಿಕ, ಅಂದರೆ ಸ್ಥೂಲ, ಇನ್ನೊಂದು ಸೂಕ್ಷ್ಮ. ಎದುರುಬದುರು ಭುಜಗಳನ್ನು ಕೂಡಿ ಅರ್ಧ ಮಾಡಿ, ಎರಡು ಅರ್ಧಗಳನ್ನು ಗುಣಿಸುವುದು ವ್ಯಾವಹಾರಿಕ ಫಲವೆಂದು ಓದುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. ನೆಲದ ಮೇಲೆ ಕಡ್ಡಿಯಿಂದ ಬರೆದ ಆ ಲೆಕ್ಕ ಕಣ್ಣ ಮುಂದೆ ಬಂದಿತು. ಆಮೇಲೆ ಹುಡುಕಿದಾಗ, 628ರಲ್ಲಿಯೇ ಬ್ರಹ್ಮಗುಪ್ತನು ಈ ಕ್ರಮವನ್ನು ಸ್ಥೂಲವೆಂದು ಹೇಳಿದ್ದನೆಂದೂ, ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಗಳ ಮೇಲಿನ ಭೂಮಿಯ ಲೆಕ್ಕಗಳಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ, ಇದೇ ಕ್ರಮವಿದೆಯೆಂದೂ ತಿಳಿಯಿತು. ನಮ್ಮ ಯಜಮಾನರು ಮೋಸಗಾರರಾಗಿರಲಿಲ್ಲ. ತಮ್ಮ ತಂದೆಯಿಂದ ಬಂದ ಲೆಕ್ಕವನ್ನು ಮಾಡಿದ್ದರು. ಆ ಲೆಕ್ಕ ಅವರ ತಂದೆಗಿಂತ ಬಹಳ ಹಳೆಯದು.

ಅಂದು ಸಂಜೆ ಮನೆಗೆ ಬಂದು ತಂಗಿಯೊಡನೆ ಕುಳಿತೆ. ಆದರೆ ನಾಲ್ಕು ಬದುಗಳ ಉದ್ದ ಗೊತ್ತಿದ್ದ ಮಾತ್ರಕ್ಕೆ ಹೊಲದ ವಿಸ್ತೀರ್ಣ ಸಿಕ್ಕುವುದಿಲ್ಲವೆಂದು ಅವಳೇ ಹೇಳಿದಳು. ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯಬೇಕು. ಈರುಳ್ಳಿ ಕಿತ್ತು ಹೊಲ ಖಾಲಿಯಾಗಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಹಗ್ಗ ಹಿಡಿದು ಹೋದೆವು. ಬೇಲಿಯ ಮೇಲಿನ ಮೂಲೆಯಿಂದ ಬಂಡಿದಾರಿಯ ಕೆಳಗಿನ ಮೂಲೆಗೆ ಸರಿಯಾಗಿ 10 ಹಗ್ಗ. ಈಗ ಹೊಲವು ಎರಡು ತ್ರಿಕೋಣಗಳಾಯಿತು: ಒಂದರ ಬದುಗಳು 6, 8, 10, ಇನ್ನೊಂದರವು 10, 10, 12. ಮೂರು ಬಾಹುಗಳಿಂದ ಕ್ಷೇತ್ರಫಲ ಕಂಡುಹಿಡಿಯುವ ಹೆರಾನನ ಸೂತ್ರ ಅವಳ ಪುಸ್ತಕದಲ್ಲಿಯೇ ಇತ್ತು. ಮೊದಲನೆಯದು 24 ಗುಂಟೆ, ಎರಡನೆಯದು 48. ಒಟ್ಟು 72.

ನನಗೆ ನಂಬಿಕೆ ಬರಲಿಲ್ಲ; ಬೇರೆ ದಾರಿಯಿಂದ ಮಾಡಿ ನೋಡಿದೆ. 6ರ ವರ್ಗ 36, 8ರ ವರ್ಗ 64, ಕೂಡಿದರೆ 100. ಅದು 10ರ ವರ್ಗ. ಆದುದರಿಂದ ಬಂಡಿದಾರಿಯ ಮೇಲಿನ ಮೂಲೆ ಲಂಬಕೋನ. ಕೆಳಗಿನ ಮೂಲೆಯನ್ನು ಅಪ್ಪನ ಗಾರೆ ಕೆಲಸದ ಗೆಳೆಯರು ಮಾಡುವಂತೆ 3, 4, 5 ಅಡಿಯ ಗುರುತು ಹಾಕಿ ಪರೀಕ್ಷಿಸಿದೆವು, ಅದೂ ಲಂಬವೇ. ಹಾಗಾದರೆ ಮೇಲಿನ ಬದುವೂ ಕೆಳಗಿನ ಬದುವೂ ಸಮಾಂತರ. ಅವುಗಳ ನಡುವಿನ ನೇರ ದೂರ ಬಂಡಿದಾರಿಯ 8 ಹಗ್ಗ. 6 ಮತ್ತು 12ರ ಅರ್ಧ 9ನ್ನು 8ರಿಂದ ಗುಣಿಸಿದರೆ 72. ಯಜಮಾನರು ಗುಣಿಸಿದುದು 9ರಿಂದ. ಏಕೆಂದರೆ ಓರೆ ಬೇಲಿಯ 10 ಹಗ್ಗವನ್ನೂ ಸೇರಿಸಿದ್ದರು. ಆ 10ರಲ್ಲಿ ನೇರ ದೂರಕ್ಕೆ ಸಲ್ಲುವುದು ಹತ್ತರಲ್ಲಿ ಎಂಟು ಪಾಲು ಮಾತ್ರ. ಆ ಹತ್ತರಲ್ಲಿ ಎಂಟೇ ಸೈನ್. ಬೇಲಿ ಕೆಳಗಿನ ಬದುವಿನೊಡನೆ ಮಾಡುವ ಕೋನ 53 ಡಿಗ್ರಿಗಿಂತ ತುಸು ಹೆಚ್ಚೆಂದು ಕೋಷ್ಟಕ ಹೇಳಿತು. ನಾನು ಹೆದರಿದ್ದ ಮೂರು ವಿದ್ಯೆಗಳೂ ನಮ್ಮ ಗುತ್ತಿಗೆ ಹೊಲದಲ್ಲಿಯೇ ನಿಂತಿದ್ದುವು.

ಕೊನೆಗೆ ನನ್ನ ಜೀವಮಾನದಲ್ಲಿ ನಾನಾಗಿಯೇ ಬರೆದ ಮೊದಲ ಸಮೀಕರಣವನ್ನು ಬರೆದೆ. 72 ಎಕ್ಸ್ ಸಮ 20,250. ಎಕ್ಸ್ 281 ರೂಪಾಯಿ 25 ಪೈಸೆ. ಗುಂಟೆಗೆ 250 ಎಂದುಕೊಂಡು ಅಪ್ಪ ಕೊಟ್ಟದ್ದು ಅಷ್ಟು. ಇಲ್ಲದ 9 ಗುಂಟೆಗೆ 2,250 ರೂಪಾಯಿ. ಅವ್ವ ಒಂದು ವಾರ ಬೇರೆಯವರ ಹೊಲದಲ್ಲಿ ಬಗ್ಗಿ ಕಳೆ ಕಿತ್ತರೂ ಅಷ್ಟು ಕೂಲಿ ಸಿಕ್ಕುತ್ತಿರಲಿಲ್ಲ.

ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ಮೂರು ದಿನ ಒದ್ದಾಡಿದೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕನೆಯ ದಿನ, ಊಟವಾದ ಮೇಲೆ, ಹಾಳೆಯನ್ನು ಹರಡಿ ಎಲ್ಲವನ್ನೂ ವಿವರಿಸಿದೆ. ಅಪ್ಪ ತಾಳ್ಮೆಯಿಂದ ಕೇಳಿದರು. ಗೆರೆಗಳ ಮೇಲೆ ಬೆರಳಾಡಿಸಿದರು. ನಡುವೆ ಎರಡು ಸಲ, “ಇದು ಯಾಕೆ ಹಂಗೆ?” ಎಂದು ನಿಲ್ಲಿಸಿದರು. ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳದ ಪ್ರಶ್ನೆಯನ್ನು ಅಪ್ಪ ಅರ್ಧ ಗಂಟೆಯಲ್ಲಿ ಎರಡು ಸಲ ಕೇಳಿದರು. ಎಲ್ಲ ಮುಗಿದ ಮೇಲೆ ಬೀಡಿ ಹೊತ್ತಿಸಿ ಮೆಲ್ಲಗೆ ಹೇಳಿದರು: “ಅವತ್ತು ನೀನೂ ಅಲ್ಲೇ ಇದ್ದೆಯಲ್ಲಪ್ಪಾ.”

ಬೈದಿದ್ದರೆ ಚೆನ್ನಾಗಿತ್ತು. ಅವತ್ತು ನನಗೆ ಗೊತ್ತಿರಲಿಲ್ಲ ಎಂದೆ. “ಗೊತ್ತಿಲ್ಲ ಅಂದಿದ್ದರೆ ನಾನು ಇನ್ನೊಬ್ಬರನ್ನ ಕೇಳ್ತಿದ್ದೆ” ಎಂದರು. ಅಷ್ಟೇ. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಆದರೆ ಅಂದಿನಿಂದ ನನ್ನೊಳಗೆ ಅದು ನಿಂತಿಲ್ಲ. ನನ್ನ ಅಜ್ಞಾನದಿಂದ ಅಪ್ಪನಿಗೆ ನಷ್ಟವಾಗಿರಲಿಲ್ಲ. ಅಜ್ಞಾನವನ್ನು ನಾನು ಮುಚ್ಚಿಟ್ಟುದರಿಂದ ನಷ್ಟವಾಗಿತ್ತು.

ಮಾರನೆಯ ಬೇಸಿಗೆಯಲ್ಲಿ ಮತ್ತೆ ಅದೇ ಹೊಲದ ಮಾತು ಬಂದಿತು. ಈ ಸಲ ಅಪ್ಪ ತಂಗಿಯನ್ನೂ ಕರೆದುಕೊಂಡು ಹೊರಟರು. ಓರೆ ಬದುವನ್ನು ಹಿಡಿಯಬಾರದು, ನೇರ ಹಿಡಿಯಬೇಕು ಎಂದು ನಾನು ಹೇಳಿದಾಗ ಯಜಮಾನರ ಮುಖ ಕೆಂಪಾಯಿತು. “ನಮ್ಮಪ್ಪನ ಕಾಲದಿಂದ ಹಿಂಗೇ ಅಳೆದಿರೋದು. ಓದಿದೋರು ಹೊಸ ಲೆಕ್ಕ ತಂದಿದೀರಾ?” ಎಂದರು. ನನಗೆ ಹೆರಾನನ ಸೂತ್ರ ನಾಲಗೆಯ ಮೇಲಿತ್ತು. ಅದರಿಂದ ಅವರಿಗೆ ಏನಾಗಬೇಕು? ಅಷ್ಟರಲ್ಲಿ ತಂಗಿ ಬದುವಿನ ಮೇಲೆ ಬಿದ್ದಿದ್ದ ಜೋಳದ ದಂಟನ್ನು ಮುರಿದು, ಒಂದೇ ಅಳತೆಯ ನಾಲ್ಕು ತುಂಡು ಮಾಡಿ, ತುದಿಗಳನ್ನು ದಾರದಿಂದ ಸಡಿಲವಾಗಿ ಕಟ್ಟಿ, ನೆಲದ ಮೇಲೆ ಚೌಕವಾಗಿ ಇಟ್ಟಳು.

“ಅಜ್ಜಾ, ಇದೊಂದು ಹೊಲ ಅಂದುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಎಷ್ಟಾಯಿತೋ ಮನಸ್ಸಲ್ಲಿ ಇಟ್ಕೊಳ್ಳಿ” ಎಂದು, ಒಂದು ಮೂಲೆಯನ್ನು ಹಿಡಿದು ಮೆಲ್ಲಗೆ ಓರೆಗೆ ತಳ್ಳುತ್ತ ಹೋದಳು. ಚೌಕ ವಾಲಿತು, ಸಣ್ಣಗಾಯಿತು, ಕಡೆಗೆ ಎರಡೆರಡು ದಂಟುಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಒಂದು ಇರುವೆ ಹೋಗುವಷ್ಟೂ ಜಾಗ ಉಳಿಯಲಿಲ್ಲ. “ದಂಟು ಮೊದಲಿನಷ್ಟೇ ಉದ್ದ ಐತೆ. ನಿಮ್ಮ ಲೆಕ್ಕ ಈಗಲೂ ಮೊದಲಿನಷ್ಟೇ ಹೇಳುತ್ತೆ. ಹೊಲ ಎಲ್ಲಿ ಹೋಯಿತು?”

ಯಜಮಾನರು ಕುಕ್ಕರುಗಾಲಿನಲ್ಲಿ ಕುಳಿತರು. ದಂಟುಗಳನ್ನು ತಾವೇ ಹಿಡಿದು ಒಂದು ಸಲ ನೆಟ್ಟಗೆ ಮಾಡಿದರು, ಒಂದು ಸಲ ವಾಲಿಸಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರೈಲುದಾರಿಯ ಆಚೆ ಕೈತೋರಿಸಿ, ತಮಗೆ ತಾವೇ ಹೇಳಿಕೊಂಡಂತೆ, “ಹಂಗಾದರೆ ಆ ಮೇಲಿನ ತುಂಡನ್ನ ನಾನೂ ಹಿಂಗೇ ಅಳೆದು ಕೊಂಡುಕೊಂಡೆನಲ್ಲ” ಎಂದರು.

ಆ ವರ್ಷ ಗುತ್ತಿಗೆ 72 ಗುಂಟೆಗೆ ಆಯಿತು. ಹಿಂದಿನ ವರ್ಷದ ಹಣದ ಮಾತನ್ನು ಅಪ್ಪ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೊರಡುವಾಗ ಯಜಮಾನರು ತಂಗಿಗೆ, “ಮಗಾ, ಒಂದಿನ ಬಂದು ಆ ಮೇಲಿನ ಹೊಲಾನೂ ಅಳೆದುಕೊಡು” ಎಂದರು. ಅವಳು ಹೋಗಿ ಅಳೆದುಕೊಟ್ಟಳು. ಎಷ್ಟು ಬಂತೆಂಬುದನ್ನು ಅವರು ಯಾರಿಗೂ ಹೇಳಬಾರದೆಂದಿರುವುದರಿಂದ ನಾನೂ ಇಲ್ಲಿ ಬರೆಯುವುದಿಲ್ಲ.

ತಂಗಿ ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ. ಮುಂದೆ ವಿಜ್ಞಾನವನ್ನೇ ಓದುವೆನೆಂದು ಹಟ ಹಿಡಿದಿದ್ದಾಳೆ. ಖರ್ಚಿನ ಮಾತು ಬಂದಾಗಲೆಲ್ಲ ಅಪ್ಪ ಮಾಡಿನ ಕಡೆ ನೋಡುತ್ತಾರೆ. ಆದರೆ ಬೇಡವೆಂದು ಅವರ ಬಾಯಿಂದ ಇನ್ನೂ ಬಂದಿಲ್ಲ. ನಾನು ಗಣಿತದಲ್ಲಿ ಪಂಡಿತನಾದೆನೆಂದು ಓದುಗರು ಭಾವಿಸಬಾರದು. ಹೈಸ್ಕೂಲಿನ ಮಟ್ಟವನ್ನು ದಾಟಿಲ್ಲ. ವರ್ಗಸಮೀಕರಣ ಕಂಡರೆ ಈಗಲೂ ಬೆವರುತ್ತೇನೆ. ಆದರೆ ಒಂದು ಅಭ್ಯಾಸ ಬಿಟ್ಟಿದೆ.

ಕಳೆದ ತಿಂಗಳು ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆಯ ರೇಖೆಯೊಂದನ್ನು ಹಲಗೆಯ ಮೇಲೆ ಬರೆದು ವಿವರಿಸಿದ ಮೇಲೆ ಅಧ್ಯಾಪಕರು ಎಂದಿನಂತೆ, “ಅರ್ಥವಾಯಿತೇ?” ಎಂದು ಕೇಳಿದರು. ತರಗತಿಯೆಲ್ಲ ತಲೆಯಾಡಿಸಿತು. ನಾನು ಎದ್ದು ನಿಂತು, “ಇಲ್ಲ ಸಾರ್” ಎಂದೆ. ಕೆಲವರು ತಿರುಗಿ ನೋಡಿದರು. ಅಧ್ಯಾಪಕರು ಒಂದು ಕ್ಷಣ ಸುಮ್ಮನಿದ್ದು, ಹಲಗೆಯನ್ನು ಒರೆಸಿ, ಸೀಮೆಸುಣ್ಣ ತೆಗೆದುಕೊಂಡು ಮೊದಲಿನಿಂದ ಶುರುಮಾಡಿದರು. ಹಿಂದಿನ ಬೆಂಚಿನಿಂದ ಯಾರೋ, “ನನಗೂ ಆಗಿರಲಿಲ್ಲ ಕಣೋ” ಎಂದು ಪಿಸುಗುಟ್ಟಿದುದು ಕೇಳಿಸಿತು.